ಹಾಸು ಮುಗಿದ ದಿನ ಕೆಡವಿದ ಮನೆ

ಆ ದಿನದ ಬಗ್ಗೆ ನನ್ನ ಡೈರಿಯಲ್ಲಿ ಮೂರು ಸಾಲುಗಳಿವೆ. ಹನೂರಿನಿಂದ ಬಸ್ಸು ತಡ. ಮಗ್ಗದಮ್ಮನ ಮನೆಯಲ್ಲಿ ಬೆಲ್ಲದ ಟೀ. ಚಪ್ಪಲಿ ಕಿತ್ತುಹೋಯಿತು, ಹೊಲಿಸಬೇಕು. ಅಷ್ಟೇ. ‘ನಿಮ್ಮ ಮನೆ ಕೆಡವಿಬಿಡಿ’ ಎಂದು ಒಬ್ಬ ಹೆಂಗಸಿಗೆ ನಾನು ಹೇಳಿದೆನೋ ಇಲ್ಲವೋ ಎಂಬುದು ಆ ಮೂರು ಸಾಲುಗಳಲ್ಲಿ ಇಲ್ಲ. ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತಿದ್ದೇನೆ, ನೆನಪನ್ನು ನಂಬಬಾರದು ಎಂಬ ಕಾರಣಕ್ಕೇ. ಬೇಕಾದ ದಿನ ಅದು ಚಪ್ಪಲಿಯ ವಿಷಯ ಹೇಳಿ ಸುಮ್ಮನಾಗಿದೆ.

ಮಗ್ಗದಮ್ಮ ಎಂಬುದು ಡೈರಿಗಾಗಿ ನಾನು ಇಟ್ಟುಕೊಂಡ ಹೆಸರು. ಕೊಳ್ಳೇಗಾಲದ ನೇಕಾರರ ಬೀದಿಯೊಂದರಲ್ಲಿ ಆಕೆಯ ಮನೆ ಇತ್ತು. ಗಂಡ ತೀರಿಕೊಂಡ ಮೇಲೆ ಅವನು ಕೂರುತ್ತಿದ್ದ ಗುಂಡಿ ಮಗ್ಗದಲ್ಲಿ ತಾನೇ ಕೂತು ರೇಷ್ಮೆ ಸೀರೆ ನೇಯ್ದು ಮಗಳನ್ನು ಸಾಕುತ್ತಿದ್ದಳು. ಮನೆ ಎಂದರೆ ಒಂದು ಹಜಾರ, ಒಂದು ಅಡುಗೆ ಕೋಣೆ. ಹಜಾರದ ಮುಕ್ಕಾಲು ಭಾಗ ಮಗ್ಗಕ್ಕೆ. ನೆಲದಲ್ಲಿ ಸೊಂಟದಾಳದ ಗುಂಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತರೆ ಮಗ್ಗ ಎದೆಯ ಮಟ್ಟಕ್ಕೆ ಬರುತ್ತದೆ. ಆ ಗುಂಡಿಯನ್ನು ಅಗೆದವನು ಆಕೆಯ ಮಾವ. ಹೆಂಚು ಸೋರುತ್ತಿತ್ತು. ಮಳೆ ಬಂದರೆ ಮೊದಲು ಮಗ್ಗದ ಮೇಲೆ ಪ್ಲಾಸ್ಟಿಕ್ ಹೊದಿಸಿ, ಆಮೇಲೆ ಹಾಸಿಗೆ ಎತ್ತಿಡುತ್ತಿದ್ದಳು. ಸರ್ಕಾರದ ವಸತಿ ಯೋಜನೆಗೆ ಅರ್ಜಿ ಹಾಕಿದ್ದಳು, ಪಟ್ಟಿಯಲ್ಲಿ ಹೆಸರೂ ಬಂದಿತ್ತು. ಮುಂದೇನು ಮಾಡಬೇಕು ಎಂದು ಕೇಳಲು ನಮ್ಮ ಕೇಂದ್ರಕ್ಕೆ ಬಂದಳು.

ನಮ್ಮದು ವಸತಿ ಸಲಹಾ ಕೇಂದ್ರ. ಬಸ್ ನಿಲ್ದಾಣದ ಹತ್ತಿರ ಒಂದು ಔಷಧಿ ಅಂಗಡಿಯ ಮಹಡಿ. ಒಬ್ಬರು ನಿವೃತ್ತ ಮೇಷ್ಟ್ರು ಅದನ್ನು ನಡೆಸುತ್ತಿದ್ದರು. ನಾನು ಮೈಸೂರಿನಲ್ಲಿ ಸಮಾಜಕಾರ್ಯ ಓದಿ ಬಂದು ಅವರ ಕೈಕೆಳಗೆ ಸೇರಿಕೊಂಡೆ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ನಮ್ಮದೇ ಓಡಾಟ. ಮನೆ ಮಂಜೂರಾದವರಿಗೆ ಯಾವ ಕಾಗದ ಬೇಕು, ಯಾರ ಸಹಿ ಬೇಕು, ಯಾವಾಗ ಪಾಯ ಹಾಕಬೇಕು, ಯಾವಾಗ ಫೋಟೋ ತೆಗೆಸಬೇಕು ಎಂದು ತಿಳಿಸಿ ಹೇಳುವುದು ನಮ್ಮ ಕೆಲಸ. ಮನೆ ಕಟ್ಟುವ ಹಣ ಫಲಾನುಭವಿಗೆ ನೇರ ಹೋಗುತ್ತದೆ, ಅದಕ್ಕೂ ನಮಗೂ ಸಂಬಂಧವಿಲ್ಲ. ನಮ್ಮ ಬಾಡಿಗೆ, ಬಸ್ ಚಾರ್ಜು, ನನ್ನ ಸಂಬಳ ಬರುತ್ತಿದ್ದ ದಾರಿ ಬೇರೆ.

ಆ ದಾರಿಯನ್ನು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ. ಸರ್ಕಾರ ನಮ್ಮಂಥ ಎರಡು ಕುರ್ಚಿಯ ಕೇಂದ್ರಗಳ ಜೊತೆ ನೇರವಾಗಿ ವ್ಯವಹರಿಸುವುದಿಲ್ಲ. ಪ್ರತಿಯೊಂದರ ಲೆಕ್ಕಪತ್ರ ನೋಡುತ್ತ ಕೂರಲು ಇಲಾಖೆಗೆ ಆಗುವುದೂ ಇಲ್ಲ. ಅದು ಮೈಸೂರಿನ ಒಂದು ದೊಡ್ಡ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತದೆ. ಆ ಸಂಸ್ಥೆ ನಮ್ಮಂಥವರನ್ನು ಆರಿಸುತ್ತದೆ, ತರಬೇತಿ ಕೊಡುತ್ತದೆ, ತಪಾಸಣೆ ಮಾಡುತ್ತದೆ, ತನ್ನ ಪಾಲು ಇಟ್ಟುಕೊಂಡು ಉಳಿದದ್ದನ್ನು ಮೂರು ತಿಂಗಳಿಗೊಮ್ಮೆ ಕಳಿಸುತ್ತದೆ. ನಾವು ಅದನ್ನು ತಾಯಿ ಸಂಸ್ಥೆ ಎನ್ನುತ್ತಿದ್ದೆವು. ಈ ಏರ್ಪಾಟಿನಲ್ಲಿ ತಪ್ಪಿದೆ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ. ತಾಯಿ ಸಂಸ್ಥೆ ಇಲ್ಲದಿದ್ದರೆ ನಮ್ಮ ಬಾಗಿಲೇ ತೆರೆಯುತ್ತಿರಲಿಲ್ಲ. ಆದರೆ ಹಣ ಒಂದು ಕೈಯಿಂದ ಇನ್ನೊಂದು ಕೈಗೆ ದಾಟುವಾಗ, ನೀವು ಕೆಲಸ ಮಾಡಿದ್ದೀರಿ ಎಂದು ನಾನು ಹೇಗೆ ನಂಬಲಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಸಲಹೆ ಕಣ್ಣಿಗೆ ಕಾಣುವುದಿಲ್ಲ. ಕೆಡವಿದ ಮನೆ ಕಾಣುತ್ತದೆ.

ಹಾಗಾಗಿ ನಮ್ಮ ನಮೂನೆಯಲ್ಲಿ ಐದು ಕಾಲಂ ಇದ್ದವು. ಅರ್ಜಿ, ದಾಖಲೆ, ಹಳೆ ಮನೆ ತೆರವು, ಪಾಯ, ಚಾವಣಿ. ಮೂರನೇ ಕಾಲಂಗೆ ಫೋಟೋ ಸಮೇತ ಟಿಕ್ ಬಿದ್ದರೆ ಆ ಕುಟುಂಬ ನಮ್ಮ ಲೆಕ್ಕಕ್ಕೆ ಸೇರುತ್ತಿತ್ತು. ಅದಕ್ಕೆ ಮೊದಲು ನಾವು ಹತ್ತು ಸಲ ಆ ಮನೆಗೆ ಹೋಗಿ ಬಂದಿದ್ದರೂ ಅದು ಕೆಲಸವಲ್ಲ.

ಹನೂರಿನ ಹಳ್ಳಿಗಳಲ್ಲಿ ಮೂರನೇ ಕಾಲಂ ಕಷ್ಟವಾಗಿರಲಿಲ್ಲ. ಗೋಪಿನಾಥಂ ಕಡೆ ಇರುವುದೇ ಬೆರಳೆಣಿಕೆಯ ಬಸ್ಸು. ಬೆಳಗಿನ ಬಸ್ಸಿನಲ್ಲಿ ಹೋಗಿ ಮಾತಾಡಿ ಬಂದರೆ, ಮುಂದಿನ ಸಲ ಹೋಗುವ ಹೊತ್ತಿಗೆ ಅಕ್ಕಪಕ್ಕದವರು ಸೇರಿ ಹೆಂಚು ಇಳಿಸಿ, ತೊಲೆ ಬಿಚ್ಚಿ, ಪಕ್ಕದಲ್ಲೇ ಗುಡಿಸಲು ಹಾಕಿಕೊಂಡಿರುತ್ತಿದ್ದರು. ಮನೆ ಬಿಚ್ಚಿದರೆ ಅವರ ದುಡಿಮೆ ನಿಲ್ಲುವುದಿಲ್ಲ. ಹೊಲ ಹೊಲದ ಕಡೆ ಇರುತ್ತದೆ, ಕಾಡು ಕಾಡಿನ ಕಡೆ. ನೇಕಾರರ ಬೀದಿಯಲ್ಲಿ ಮನೆಯೇ ಮಗ್ಗ. ಈ ವ್ಯತ್ಯಾಸಕ್ಕೆ ನಮ್ಮ ನಮೂನೆಯಲ್ಲಿ ಕಾಲಂ ಇರಲಿಲ್ಲ.

ಕಾಲಂಗಳಲ್ಲದೆ ಒಂದು ಸಲಹಾ ರಿಜಿಸ್ಟರ್ ಇತ್ತು. ಯಾರಿಗೆ ಏನು ಹೇಳಿದೆವು ಎಂದು ಬರೆದು ಅವರ ಸಹಿ ಹಾಕಿಸಬೇಕು. ಮೊದಮೊದಲು ನಾನು ನಡೆದ ಮಾತನ್ನೇ ಬರೆಯುತ್ತಿದ್ದೆ. ತಪಾಸಣೆಗೆ ಬಂದ ತಾಯಿ ಸಂಸ್ಥೆಯ ಸಂಯೋಜಕ ಅದನ್ನು ಓದಿ ನಕ್ಕ. ‘ಕತೆ ಬೇಡ ಮೇಡಂ, ಇಲಾಖೆಯವರು ಇದನ್ನ ಓದ್ತಾ ಕೂರಲ್ಲ. ಸ್ಟ್ಯಾಂಡರ್ಡ್ ಸಾಲು ಹಾಕಿ’ ಎಂದು ತಾನೇ ಬರೆದುಕೊಟ್ಟ. ‘ಕಾರ್ಯಾದೇಶ ಬಂದ ನಂತರವೇ ಹಳೆ ಮನೆ ತೆರವು ಮಾಡುವಂತೆ ತಿಳಿಸಲಾಯಿತು.’ ಕಾರ್ಯಾದೇಶ ಎಂದರೆ ಮನೆ ಕಟ್ಟಲು ಶುರುಮಾಡಬಹುದು ಎಂಬ ಸರ್ಕಾರದ ಪತ್ರ. ಅದು ಸರಿಯಾದ ಸಲಹೆಯೇ. ಅಂದಿನಿಂದ ನಾನು ಖಾಲಿ ಸಾಲಿಗೆ ಸಹಿ ಹಾಕಿಸಿಕೊಂಡು ಬಂದು, ಶನಿವಾರ ಮಧ್ಯಾಹ್ನ ಕೂತು, ವಾರದ ಎಲ್ಲರಿಗೂ ಅದೇ ಸಾಲನ್ನು ತುಂಬಿಸುತ್ತಿದ್ದೆ. ಕೈ ತಾನಾಗಿ ಬರೆಯುತ್ತಿತ್ತು.

ಈಗ ಆ ದಿನಕ್ಕೆ ಬರುತ್ತೇನೆ. ಹನೂರಿನಿಂದ ಬಂದವಳು ನೇರ ಆಕೆಯ ಮನೆಗೆ ಹೋದೆ. ಆಕೆ ಗುಂಡಿಯಲ್ಲಿ ಕೂತಿದ್ದಳು. ಲಾಳಿ ಓಡುವ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಮಗ್ಗದ ಉದ್ದಕ್ಕೆ ಎಳೆದು ಕಟ್ಟಿದ ನೂಲಿಗೆ ಹಾಸು ಎನ್ನುತ್ತಾರೆ. ಒಂದು ಹಾಸಿನಿಂದ ಇಷ್ಟು ಸೀರೆ ಎಂದಿರುತ್ತದೆ. ಹಳೆಯ ಹಾಸಿನ ತುದಿಗೆ ಹೊಸದರ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಾರೆ. ಕೂಡಿಸಿದ ಮೇಲೆ ಅದು ಪೂರ್ತಿ ನೇಯ್ದು ಮುಗಿಯುವ ತನಕ ಮಗ್ಗವನ್ನು ಅಲ್ಲಾಡಿಸುವಂತಿಲ್ಲ. ಹಾಗಾಗಿ ಆ ಬೀದಿಯ ಕ್ಯಾಲೆಂಡರೇ ಬೇರೆ. ಮನೆಗೆ ಸುಣ್ಣ ಬಳಿಯುವುದು, ಹೆಣ್ಣು ನೋಡಲು ಹೋಗುವುದು, ಹರಕೆ ತೀರಿಸಲು ಬೆಟ್ಟಕ್ಕೆ ಹೋಗುವುದು, ಕಣ್ಣಿನ ಆಪರೇಷನ್ ಎಲ್ಲವೂ ಎರಡು ಹಾಸುಗಳ ನಡುವಿನ ದಿನಗಳಲ್ಲಿ ನಡೆಯಬೇಕು.

‘ಇನ್ನೆಷ್ಟು ಇದೆ ಇದು?’ ಎಂದು ಕೇಳಿದೆ.

‘ನೀವೇ ಅಳೀರಿ ಮೇಡಮ್ಮ. ಓದ್ಕಂಡಿರೋರ ಕೈಲಿ ಎಷ್ಟಾಯ್ತದೆ ನೋಡೋಣ.’

ನಾನು ಮೊಣಕೈಯಿಂದ ಬೆರಳ ತುದಿಯವರೆಗೆ ಮೊಳ ಹಾಕಿ ಅಳೆದೆ. ಆಕೆ ನಗತೊಡಗಿದಳು. ‘ಅಯ್ಯೋ, ನಿಮ್ ಮೊಳ ಗಿಡ್ಡ. ನಿಮ್ಮನ್ನ ಅಂಗ್ಡೀಲಿ ಕೂರಿಸುದ್ರೆ ಸೀರೆ ತಕ್ಕಳೋರು ಕೆಟ್ರು.’

ಇದು ನನಗೆ ಖಂಡಿತ ನೆನಪಿದೆ. ಮೊಳ ಹಾಕುವಾಗ ಬೆರಳಿಗೆ ತಾಗಿದ ರೇಷ್ಮೆಯ ತಣುಪೂ ನೆನಪಿದೆ. ಆಮೇಲೆ ಆಕೆ ಕೇಳಿದ್ದೂ ನೆನಪಿದೆ. ‘ಇದ್ ಮುಗುದ್ರೆ ಧಣಿ ಒಸ ಆಸು ಕಳುಸ್ತಾರೆ. ಏರ್ಸುದ್ರೆ ಇನ್ನೆಲ್ಡ್ ತಿಂಗ್ಳು ಮಗ್ಗ ಮುಟ್ಟಂಗಿಲ್ಲ. ಏರ್ಸ್ಲೋ, ಈ ಸಲ ಬ್ಯಾಡ ಅಂದ್ಬುಡ್ಲೋ?’ ಧಣಿ ಎಂದರೆ ಆಕೆಗೆ ನೂಲು ಕೊಟ್ಟು ಸೀರೆ ತೆಗೆದುಕೊಳ್ಳುವವನು. ಆಕೆ ಕೇಳುತ್ತಿದ್ದುದು ಏನೆಂದು ನನಗೆ ಸ್ಪಷ್ಟವಾಗಿಯೇ ಗೊತ್ತಿತ್ತು. ಕಾರ್ಯಾದೇಶ ಬೇಗ ಬರುವುದಾದರೆ ಮನೆ ಕೆಡವಲು ಇದೇ ಸಮಯ. ತಡವಾಗುವುದಾದರೆ ಇನ್ನೊಂದು ಹಾಸು ನೇಯಬಹುದು.

ನಾನು ಏನು ಉತ್ತರ ಕೊಟ್ಟೆ? ಅಲ್ಲಿ ನನ್ನ ನೆನಪು ನಿಲ್ಲುತ್ತದೆ. ಟೀ ಲೋಟದ ಬಿಸಿ, ಬೆಲ್ಲದ ರುಚಿ, ಬಾಗಿಲಲ್ಲಿ ಕಿತ್ತ ಚಪ್ಪಲಿ. ಇಷ್ಟು ಮಾತ್ರ. ಆದರೆ ಇನ್ನೊಂದು ವಿಷಯ ಡೈರಿಯ ಹಿಂದಿನ ಪುಟದಲ್ಲಿದೆ. ಅದು ಆ ಮೂರು ತಿಂಗಳ ಲೆಕ್ಕದ ಕೊನೆಯ ವಾರ. ಮೂರನೇ ಕಾಲಂ ತೀರಾ ಕಡಿಮೆ ಇದೆ ಎಂದು ಸಂಯೋಜಕ ಎರಡು ಸಲ ಫೋನು ಮಾಡಿದ್ದ.

ಆಕೆಯ ಎರಡನೇ ಕಾಲಂ, ಅಂದರೆ ದಾಖಲೆಯದು, ಪೂರ್ತಿಯಾಗಿರಲಿಲ್ಲ. ಮನೆ ಇನ್ನೂ ಸತ್ತುಹೋದ ಮಾವನ ಹೆಸರಿನಲ್ಲಿತ್ತು. ಗಂಡನ ಅಣ್ಣನೊಬ್ಬ ಯಳಂದೂರಿನಲ್ಲಿದ್ದ, ಅವನ ಒಪ್ಪಿಗೆ ಪತ್ರ ಬೇಕಿತ್ತು. ‘ನಮ್ ಬಾವ ಒಳ್ಳೇವ್ರು, ಅಬ್ಬಕ್ಕೆ ಬಂದಾಗ ಸೈನ್ ಆಕ್ತಾರೆ ಬುಡಿ’ ಎಂದಿದ್ದಳು. ನಾನು ‘ಒಪ್ಪಿಗೆ ಬಾಕಿ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿ, ಮೇಲೆ ಪೆನ್ನಿನಲ್ಲಿ ಟಿಕ್ ಹಾಕಿದ್ದೆ.

ಹಾಸು ಮುಗಿದ ದಿನವೇ ಆಕೆ ಮಗ್ಗ ಬಿಚ್ಚಿಸಿದಳು. ಮರುದಿನ ಹೆಂಚು ಇಳಿಯಿತು. ಸುದ್ದಿ ಕೇಳಿ ನಾನು ಫೋಟೋ ತೆಗೆಯಲು ಓಡಿದೆ. ಆ ಫೋಟೋ ಈಗಲೂ ನನ್ನ ಫೋನಿನಲ್ಲಿದೆ. ಅರ್ಧ ಬಿದ್ದ ಗೋಡೆ, ಪಕ್ಕದ ಮನೆಯ ಇಬ್ಬರು ಹೆಂಗಸರು ಹಿಡಿದ ತಾಯಿ ಸಂಸ್ಥೆಯ ಬ್ಯಾನರು, ನಡುವೆ ತಲೆಗೆ ಟವೆಲ್ ಸುತ್ತಿಕೊಂಡು ಬಾಯಿ ತುಂಬ ನಗುತ್ತಿರುವ ಆಕೆ. ಆದೇಶ ಬಂತೇ ಎಂದು ನಾನು ಕೇಳಲಿಲ್ಲ. ಟಿಕ್ ಬಿತ್ತು. ಆ ಸಲದ ಹಣ ಬಂತು. ಹೊಸ ಚಪ್ಪಲಿ ಕೊಂಡೆ. ಇದು ಡೈರಿಯಲ್ಲಿದೆ, ಬಣ್ಣದ ಸಮೇತ.

ಆದೇಶ ಬರಲಿಲ್ಲ. ಒಪ್ಪಿಗೆ ಪತ್ರವಿಲ್ಲ ಎಂದು ಕಡತ ವಾಪಸ್ಸು ಬಂತು. ಅದು ನ್ಯಾಯವೇ, ಇಲ್ಲದ ಕಾಗದಕ್ಕೆ ಯಾರು ಆದೇಶ ಕೊಡುತ್ತಾರೆ? ಆಕೆ ಯಳಂದೂರಿಗೆ ಹೋದಳು. ಭಾವ ಸಹಿ ಹಾಕಲಿಲ್ಲ. ನಿಂತಿದ್ದ ಮನೆಯ ಬಗ್ಗೆ ಅವನು ಇಷ್ಟು ವರ್ಷ ಒಂದು ಮಾತೂ ಆಡಿರಲಿಲ್ಲವಂತೆ. ಬಿದ್ದ ಮೇಲೆ ಅದು ಬರೀ ಜಾಗವಾಗಿತ್ತು. ‘ಅಪ್ಪನ ಮನೆ ಕೆಡವ್ಬುಟ್ಟು ಆಮ್ಯಾಕೆ ಸೈನ್ ಕೇಳಕ್ ಬಂದ್ಯಾ? ನಿನ್ನೆಸರ್ಗೆ ಮಾಡ್ಕಳಕ್ಕೆ ಮೊದ್ಲೇ ಲೆಕ್ಕ ಆಕಿದ್ದೆ’ ಎಂದನಂತೆ. ಆಕೆ ‘ಕೇಂದ್ರದೋರು ಏಳುದ್ರು ಬಾವ’ ಎಂದಳಂತೆ.

ಅವನು ವಿಚಾರಿಸಲು ನಮ್ಮ ಮಹಡಿಗೆ ಬಂದ ದಿನ ನಾನು ಗೋಪಿನಾಥಂನಲ್ಲಿದ್ದೆ. ಮೇಷ್ಟ್ರು ಒಬ್ಬರೇ ಇದ್ದರು. ಕೇಂದ್ರದ ಮೇಲೆ ಮಾತು ಬರಬಾರದು ಎಂದು ರಿಜಿಸ್ಟರ್ ತೆಗೆದು ಆ ಸಾಲನ್ನು ಗಟ್ಟಿಯಾಗಿ ಓದಿದರಂತೆ. ಕಾರ್ಯಾದೇಶ ಬಂದ ನಂತರವೇ. ಕೆಳಗೆ ಆಕೆಯ ಸಹಿ. ಅವನು ಇಳಿದು ಹೋದನಂತೆ. ಮರುದಿನ ನಾನು ಬಂದಾಗ ಮೇಷ್ಟ್ರಿಗೆ ಖುಷಿ. ‘ನಿನ್ನ ಬರವಣಿಗೆ ನಮ್ಮನ್ನ ಉಳಿಸ್ತು ಕಣಮ್ಮ’ ಎಂದರು.

ಆಕೆ ಬಂದದ್ದು ಅದಾದ ಎರಡು ದಿನಕ್ಕೆ. ಅಷ್ಟರಲ್ಲಿ ಮಳೆ ಹಿಡಿದಿತ್ತು. ಕೆಡವಿದ ಜಾಗದ ಮೂಲೆಯಲ್ಲಿ ತಗಡು ಹೊದಿಸಿಕೊಂಡು ಆಕೆಯೂ ಮಗಳೂ ಇದ್ದರು. ಮಗ್ಗದ ಮರಗಳು ಪಕ್ಕದ ಮನೆಯ ಓಣಿಯಲ್ಲಿ ಗೋಡೆಗೆ ಒರಗಿ ನಿಂತಿದ್ದವು. ಧಣಿ ಆಕೆಯ ಹಾಸನ್ನು ಬೇರೆ ಮನೆಗೆ ಕೊಟ್ಟಿದ್ದ. ಮಗ್ಗ ಹೀಗೇ ನಿಂತರೆ ಅವನು ಮತ್ತೆ ಇವಳ ಬಾಗಿಲಿಗೆ ಬರುವುದಿಲ್ಲ. ಮಹಡಿ ಹತ್ತಿ ಬಂದವಳು ಕೂರಲಿಲ್ಲ.

‘ಅದೇನೋ ಬುಕ್ಕಲ್ಲಿ ನಾ ಸೈನ್ ಮಾಡಿವ್ನಿ ಅಂತೆ. ತೋರ್ಸಿ.’

ತೋರಿಸಿದೆ. ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ‘ಇದ್ನ ನೀವು ನಂಗೆ ಏಳುದ್ರಾ?’

‘ಎಲ್ಲರಿಗೂ ಹೀಗೇ ಬರೆಯೋದು’ ಎಂದೆ.

ಆಕೆ ತಾನೇ ಹಾಳೆ ತಿರುವಿದಳು. ಹನೂರಿನವಳೊಬ್ಬಳು, ಅದೇ ಸಾಲು. ಯಳಂದೂರಿನವನೊಬ್ಬ, ಅದೇ ಸಾಲು. ಮೂರು ಪುಟ ನೋಡಿ ರಿಜಿಸ್ಟರನ್ನು ನನ್ನ ಕಡೆ ತಳ್ಳಿದಳು. ‘ಚೆನ್ನಾಗ್ ನೇಯ್ದಿದ್ದೀರಿ ಮೇಡಮ್ಮ. ಒಂದೇ ಡಿಸೈನು. ನಾನ್ ಇಂಗ್ ನೇಯ್ದಿದ್ರೆ ಧಣಿ ನನ್ ಮಕುಕ್ಕೆ ಎಸ್ದಿರೋರು.’

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

‘“ಮುಗುದ್ ದಿನಾನೇ ಬಿಚ್ಚಿ ಕೆಡವ್ಬುಡಿ, ಆರ್ಡರು ಅದಿನೈದ್ ದಿವ್ಸುಕ್ ಬತ್ತದೆ” ಅಂದ್ರಿ ನೀವು. ಟೀ ಲೋಟ ಕೆಳುಕ್ಕಿಕ್ಕಿ ಅಂದ್ರಿ. ಅದ್ನೇ ಒಂದ್ ಆಳೇಲಿ ಬರ್ಕೊಡಿ ಸಾಕು. ನಮ್ ಬಾವುಂಗೆ ನನ್ ಬಾಯ್ ಮ್ಯಾಲೆ ನಂಬಿಕೆ ಇಲ್ಲ. ನಾ ಬೇಕಂತ ಕೆಡವ್ಲಿಲ್ಲ ಅಂತ ಗೊತ್ತಾದ್ರೆ ಸೈನ್ ಆಕ್ತಾರೆ.’

ಆಕೆಗೆ ಬೇಕಿದ್ದುದು ಅಷ್ಟೇ. ಅದು ಸಿಕ್ಕರೆ ಮನೆ ಏಳುತ್ತದೆ, ಮಗ್ಗ ಏಳುತ್ತದೆ. ಆಕೆ ಹೋದ ಮೇಲೆ ಮೇಷ್ಟ್ರು ಹೇಳಿದರು, ‘ಬಾಯಲ್ಲಿ ಬೇಕಾದ್ರೆ ಹೋಗಿ ಸಮಾಧಾನ ಮಾಡಿ ಬಾ. ಬರೆದುಕೊಡಬೇಡ. ತಾಯಿ ಸಂಸ್ಥೆನ ಒಂದ್ಮಾತು ಕೇಳು.’ ಫೋನು ಮಾಡಿದೆ. ಸಂಯೋಜಕ ಕೆಟ್ಟವನಲ್ಲ. ಅವನಿಗೂ ಮೇಲೆ ಲೆಕ್ಕ ಕೊಡುವುದಿರುತ್ತದೆ.

‘ರಿಜಿಸ್ಟರಲ್ಲಿ ಸರಿಯಾಗೇ ಇದೆಯಲ್ಲ ಮೇಡಂ?’ ಎಂದ.

‘ಸಾಲು ಸರಿ ಇದೆ. ನಾನು ಹಾಗೆ ಹೇಳಲಿಲ್ಲ ಅನ್ಸುತ್ತೆ.’

‘ಅನ್ಸುತ್ತೆ?’

‘ಹೌದು. ಅನ್ಸುತ್ತೆ.’

‘ನೋಡಿ, ನಿಮಗೇ ಖಾತ್ರಿ ಇಲ್ಲ. ನೀವು ಒಂದು ಸಾಲು ಸುಳ್ಳು ಅಂತ ಬರೆದುಕೊಟ್ರೆ ಆ ಬುಕ್ಕು ಪೂರ್ತಿ ಹೋಯ್ತು. ನಾವು ಇಲಾಖೆಗೆ ಕೊಟ್ಟಿರೋದು ಅದೇ ಬುಕ್ಕಿನ ಕಾಪಿ. ಹನೂರಲ್ಲಿ ಇನ್ನೂ ಪಾಯ ಹಾಕ್ತಿರೋರು ಇದ್ದಾರೆ. ಅವರ ಗತಿ ಏನು, ಯೋಚನೆ ಮಾಡಿದ್ರಾ?’

ಯೋಚನೆ ಮಾಡಿದೆ. ವಾರಕ್ಕೂ ಹೆಚ್ಚು ದಿನ ಯೋಚನೆಯನ್ನೇ ಮಾಡಿದೆ. ಆ ದಿನಗಳ ಪುಟಗಳನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. ನೆನಪು ಎಷ್ಟು ಅಸ್ಥಿರ ಎಂಬುದರ ಬಗ್ಗೆ ಉದ್ದುದ್ದ ಬರೆದಿದ್ದೇನೆ. ಎಂ.ಎಸ್‌.ಡಬ್ಲ್ಯು. ಪಾಠಗಳ ಧಾಟಿಯ ಮಾತುಗಳು. ತಗಡಿನ ಕೆಳಗೆ ಇದ್ದವಳ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಖಾತ್ರಿ ಇಲ್ಲ ಎಂಬುದು ನಿಜ. ಆದರೆ ಖಾತ್ರಿ ಇಲ್ಲದಿರುವುದು ನನಗೆ ಅನುಕೂಲವಾಗಿತ್ತು ಎಂಬುದೂ ನಿಜ.

ಕೊನೆಗೆ ಒಂದು ಬೆಳಿಗ್ಗೆ ಆಕೆಯ ತಗಡಿನ ಮುಂದೆ ನಿಂತು, ಯಳಂದೂರಿಗೆ ಹೋಗಿ ಬರೋಣ ನಡೀರಿ ಎಂದೆ. ಯಾಕೆ ಅಂದೇ ಹೋದೆ ಎಂದು ಡೈರಿ ಹೇಳುವುದಿಲ್ಲ. ಸಂಜೆ ಮಳೆ ಜೋರಾಗಿತ್ತು ಎಂಬುದು ಬಿಟ್ಟರೆ ಹಿಂದಿನ ದಿನದ ಪುಟದಲ್ಲಿ ಏನೂ ಇಲ್ಲ. ಹೊರಡುವ ಮುಂಚೆ ಆಕೆ ಗುಂಡಿಯ ಮೇಲೆ ಮುಚ್ಚಿದ್ದ ತಗಡನ್ನು ಎತ್ತಿ ಒಳಗೆ ನೋಡಿ, ಒಂದು ಚೊಂಬಿನಿಂದ ನೀರು ಮೊಗೆದು ಹೊರಗೆ ಚೆಲ್ಲಿದಳು. ದಿನಾ ಬೆಳಿಗ್ಗೆ ಅದೇ ಕೆಲಸವಂತೆ.

ಭಾವ ಒಂದು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ. ಊಟಕ್ಕೆ ಮನೆಗೆ ಬಂದಿದ್ದ. ತಲೆಕೂದಲ ಮೇಲೆ ತೌಡಿನ ಧೂಳು. ಜಗಲಿಯಲ್ಲಿ ಕೂತವನು ನಮ್ಮನ್ನು ನೋಡಿ ಏಳಲಿಲ್ಲ.

‘ಬನ್ನಿ ಬನ್ನಿ. ಮನೆ ಕೆಡವೋರು ಮನೆಗಂಟ ಬಂದವ್ರೆ. ನಮ್ದು ಆರ್‌ಸಿಸಿ ಕಣ್ರಿ, ಕೆಡವಕೆ ಮಿಷನ್ ತರ್ಬೇಕು.’

ಆಕೆ ಬಾಳೆಹಣ್ಣಿನ ಚೀಲವನ್ನು ಕಂಬದ ಪಕ್ಕ ಇಟ್ಟಳು. ಅವನು ಅದನ್ನು ನೋಡಿಯೂ ನೋಡದವನಂತೆ ನನ್ನನ್ನು ಕೇಳಿದ, ‘ಆ ಮೇಷ್ಟ್ರು ಓದುದ್ರಲ್ಲ, ಅದ್ ಯಾರ್ ಬರ್ದಿದ್ದು?’

‘ನಾನು.’

‘ದಿಟ್ವಾ ಅದು?’

‘ಅಲ್ಲ. ಇವರು ಖಾಲಿ ಜಾಗಕ್ಕೆ ಸಹಿ ಹಾಕಿದ್ರು. ನಾನು ಆಮೇಲೆ ಬರೆದೆ. ಎಲ್ಲರಿಗೂ ಅದನ್ನೇ ಬರೀತೀನಿ.’

‘ಅಂಗಾರೆ ಇವಳ್ಗೆ ಏನ್ ಏಳಿದ್ರಿ?’

ಆಕೆ ನನ್ನ ಮುಖ ನೋಡುತ್ತಿದ್ದಳು. ನಾನು ಹೇಳಿದೆ, ‘ಹಾಸು ಮುಗಿದ ದಿನವೇ ಬಿಚ್ಚಿ ಅಂದೆ. ಆದೇಶ ಹದಿನೈದು ದಿನದಲ್ಲಿ ಬರುತ್ತೆ ಅಂದೆ. ನಿಮ್ಮ ಒಪ್ಪಿಗೆ ಬಾಕಿ ಇದೆ ಅಂತ ಗೊತ್ತಿತ್ತು. ಆದ್ರೂ ಕೆಡವೋದಕ್ಕೆ ಬಿಟ್ಟೆ.’ ಆ ಕೊನೆಯ ಮಾತು ಮಾತ್ರ ನಾನು ಖಾತ್ರಿಯಿಂದ ಆಡಿದ್ದು.

‘ಬರ್ಕೊಡ್ತೀರಾ?’

ನನ್ನ ಹತ್ತಿರ ಬೇರೆ ಕಾಗದ ಇರಲಿಲ್ಲ. ಡೈರಿಯಿಂದ ಅಂದಿನ, ಇನ್ನೂ ಖಾಲಿ ಇದ್ದ ಹಾಳೆಯನ್ನೇ ಹರಿದು, ಜಗಲಿಯ ಮೇಲೆ ಕೂತು ಬರೆದೆ. ಅವನು ಓದಿಸಿಕೊಂಡು ಕೇಳಿದ. ಮಡಿಚಿ ಅಂಗಿಯ ಜೇಬಿಗೆ ಇಟ್ಟುಕೊಂಡ. ಒಳಗಿನಿಂದ ಅವನ ಹೆಂಡತಿ ನೀರು ತಂದಿಟ್ಟಳು.

‘ಗುಂಡಿ ಮುಚ್ಬುಟ್ಯಾ?’ ಎಂದು ಕೇಳಿದ. ಅದು ತಮ್ಮನ ಹೆಂಡತಿಗೆ.

‘ಇಲ್ಲ ಬಾವ. ತಗಡ್ ಆಕಿವ್ನಿ. ದಿನಾ ನೀರ್ ಎತ್ತಾಕ್ತೀನಿ.’

‘ನೀರ್ ಇಳುದ್ರೆ ಅದ್ರ ಪಕ್ಕೆ ಕುಸೀತದೆ. ಕಲ್ ಕಟ್ಸು ಅಂತ ಅಪ್ಪುಂಗೆ ಅವತ್ತೇ ಬಡ್ಕಂಡೆ. ಕಾಲ್ ತಣ್ಣಗಿರ್ಲಿ ಬುಡ್ಲಾ ಅನ್ನೋನು.’ ಅವನು ತನ್ನ ಮಂಡಿಯನ್ನು ಉಜ್ಜಿಕೊಂಡ. ಅವನೂ ಅದೇ ಗುಂಡಿಯಲ್ಲಿ ಕೂತು ನೇಯುವುದನ್ನು ಕಲಿತವನು, ಮಂಡಿ ಹೋದ ಮೇಲೆ ಬಿಟ್ಟವನು ಎಂದು ಆಮೇಲೆ ತಿಳಿಯಿತು. ‘ನಂಗೇನ್ ಜಾಗ ಬೇಕಾಗಿತ್ತಾ? ಕೆಡವೋಕ್ ಮುಂಚೆ ಒಂದ್ ಮಾತ್ ಕೇಳ್ಲಿಲ್ವಲ್ಲ ಅಂತ. ಸ್ವಾಮ್ವಾರ ಗಿರಣಿ ರಜ. ಬತ್ತೀನಿ, ಓಗು.’

ಬಾಳೆಹಣ್ಣಿನ ಚೀಲವನ್ನು ಅವನೇ ಎತ್ತಿ ಒಳಗೆ ಕೊಟ್ಟ.

ವಾಪಸ್ಸು ಬರುವ ಬಸ್ಸಿನಲ್ಲಿ ಆಕೆಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎರಡು ಸ್ಟಾಪು ಕಳೆದ ಮೇಲೆ ಈ ಕಡೆ ತಿರುಗಿದಳು. ಅಲ್ಲಿಯವರೆಗೆ ಮೇಡಮ್ಮ ಎನ್ನುತ್ತಿದ್ದವಳು ಮೊದಲ ಸಲ ಅವ್ವ ಎಂದಳು.

‘ಒಂದ್ ಏಳ್ಲಾ ಕಣವ್ವ, ತಪ್ ತಿಳೀಬ್ಯಾಡ. ಆರ್ಡರು ಬತ್ತದೆ ಅಂತ ನೀನ್ ಅಂದಿದ್ದು ದಿಟ. ಕೆಡವು ಅಂತ ಬಾಯ್ಬುಟ್ಟು ಅಂದ್ಯೋ, ಇಲ್ಲ ನಿನ್ ಮಕ ನೋಡ್ಕಂಡು ನಾನೇ ಅಂಗ್ ಅಂದ್ಕಂಡ್ನೋ... ಅವ್ರಿಗ್ ಏಳಿ ಇವ್ರಿಗ್ ಏಳಿ ಈಗ ಅದೇ ಗಟ್ಟಿ ಆಗೋಗದೆ. ಬೇರೆ ಏನಿತ್ತು ಅಂತ್ಲೇ ಗ್ಯಾಪ್ನ ಬರಾಕಿಲ್ಲ.’

ನನಗೆ ಸಿಟ್ಟು ಬಂತು. ಬಂದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆಡದಿರಬಹುದಾದ ಮಾತನ್ನು ಆಡಿದೆ ಎಂದು ನಾನು ಬರೆದುಕೊಟ್ಟಾಗಿತ್ತು. ಬಸ್ಸು ಒಂದು ತಿರುವಿನಲ್ಲಿ ಓಲಿತು, ಆಕೆ ನನ್ನ ಕೈ ಹಿಡಿದುಕೊಂಡಳು. ಲಾಳಿ ತಳ್ಳಿ ತಳ್ಳಿ ಗಟ್ಟಿಯಾದ ಬೆರಳುಗಳು.

‘ಕೆಡವಬೇಡಿ ಅಂತ ನಾನು ಅನ್ನಲಿಲ್ಲವಲ್ಲ’ ಎಂದೆ.

‘ಅದ್ ಅನ್ಲಿಲ್ಲ’ ಎಂದಳು. ಇಬ್ಬರಿಗೂ ಗೊತ್ತಿದ್ದದ್ದು ಅಷ್ಟೇ.

ಭಾವ ಸೋಮವಾರ ಬಂದು ಸಹಿ ಹಾಕಿದ. ನಾನು ತಾಯಿ ಸಂಸ್ಥೆಗೆ ಫೋನು ಮಾಡಿ, ಬರೆದುಕೊಟ್ಟದ್ದನ್ನೂ, ರಿಜಿಸ್ಟರಿನ ಉಳಿದ ಸಾಲುಗಳನ್ನು ನಾನು ಹೇಗೆ ತುಂಬಿಸುತ್ತಿದ್ದೆ ಎಂಬುದನ್ನೂ ಹೇಳಿದೆ. ಸಂಯೋಜಕ ‘ಆಯ್ತು ಮೇಡಂ’ ಎಂದ. ಆ ಸಾಲನ್ನು ಕೊಟ್ಟವನು ಅವನೇ ಎಂದು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮುಂದಿನ ಒಪ್ಪಂದದ ಪಟ್ಟಿಯಲ್ಲಿ ನಮ್ಮ ಕೇಂದ್ರದ ಹೆಸರಿರಲಿಲ್ಲ. ಪತ್ರದಲ್ಲಿ ಕೊಟ್ಟ ಕಾರಣ ಬೇರೆ, ನಮ್ಮಲ್ಲಿ ಸಿಬ್ಬಂದಿ ಕಡಿಮೆ ಎಂದು. ಅದೂ ಸುಳ್ಳಲ್ಲ. ಮೇಷ್ಟ್ರು ಮಹಡಿ ಖಾಲಿ ಮಾಡಿ, ಕುರ್ಚಿಗಳನ್ನು ಒಂದು ಶಾಲೆಗೆ ಕೊಟ್ಟರು. ನನ್ನ ಮೇಲೆ ಒಂದು ಕೆಟ್ಟ ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನಾನು ಈಗ ಒಂದು ಶಾಲೆಯಲ್ಲಿ ಪಾಠ ಹೇಳುತ್ತೇನೆ.

ಹನೂರಿನವಳೊಬ್ಬಳು ಇನ್ನೂ ಫೋನು ಮಾಡುತ್ತಾಳೆ. ಪಾಯ ಮುಗಿದು ಗೋಡೆ ಅರ್ಧಕ್ಕೆ ನಿಂತಿದೆ, ಮುಂದಿನ ಫೋಟೋಗೆ ಯಾರನ್ನು ಕರೆಯಬೇಕು ಎಂದು ಆಕೆಗೆ ಗೊತ್ತಿಲ್ಲ. ಕೇಂದ್ರ ಮುಚ್ಚಿದೆ ಎಂದು ಹೇಳಿದೆ. ‘ಅಂಗಾರೆ ನಾ ಯಾರ್ನ ಕೇಳ್ಲಿ?’ ಎಂದಳು. ಯಾವ ಕಚೇರಿ, ಯಾವ ಮೇಜು ಎಂದು ಹೇಳುತ್ತೇನೆ. ಜೊತೆಗೆ ಹೋಗಲು ಆಗುವುದಿಲ್ಲ. ಒಬ್ಬಳ ಮನೆಗಾಗಿ ಎಷ್ಟು ಜನರ ಬಾಗಿಲು ಮುಚ್ಚಿಸಿದೆ ಎಂದು ಲೆಕ್ಕ ಹಾಕಲು ಕೂತು, ಡೈರಿ ಮುಚ್ಚಿದ್ದೇನೆ. ಸಂಯೋಜಕ ಕೇಳಿದ ಪ್ರಶ್ನೆ ತಪ್ಪಾಗಿರಲಿಲ್ಲ.

ಕಳೆದ ಭಾನುವಾರ ನೇಕಾರರ ಬೀದಿಗೆ ಹೋಗಿದ್ದೆ. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆ. ಚಾವಣಿ ಇನ್ನೂ ಇಲ್ಲ. ಗುಂಡಿಯ ಒಂದು ಪಕ್ಕೆ ಮಳೆಗೆ ಕುಸಿದಿತ್ತು. ಭಾವ ಅದರೊಳಗೆ ಇಳಿದು ಕೂತು, ಹಳೆ ಮನೆಯ ಪಾಯದ ಕಲ್ಲುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದ. ಆಕೆ ಮೇಲಿನಿಂದ ಗಾರೆ ಕೊಡುತ್ತಿದ್ದಳು. ಓಣಿಯಲ್ಲಿ ಮಗ್ಗದ ಮರಗಳು ಇನ್ನೂ ಹಾಗೇ ಒರಗಿದ್ದವು. ಚಾವಣಿ ಬಿದ್ದ ಮೇಲೆ ಒಂದು ಹಾಸು ಕೊಟ್ಟು ನೋಡುತ್ತೇನೆ ಎಂದು ಧಣಿ ಹೇಳಿದ್ದಾನಂತೆ. ಕೊಡುತ್ತೇನೆ ಎಂದಿಲ್ಲ, ಕೊಟ್ಟು ನೋಡುತ್ತೇನೆ ಎಂದಿದ್ದಾನೆ.

ಭಾವ ನನ್ನನ್ನು ನೋಡಿ ಮಣ್ಣಿನ ಕೈಯಲ್ಲೇ ಹಣೆ ಒರೆಸಿಕೊಂಡ. ‘ಮೇಡಮ್ಮೋರೆ, ನಿಮ್ ಕಾಗ್ದ ನಂತಾವೇ ಅದೆ. ಬೀರುಲಿ ಮಡ್ಗ್ಯವ್ನಿ. ವಾಪಸ್ ಬೇಕಾ?’

ಬೇಕಿತ್ತು. ಆ ಹಾಳೆಯಲ್ಲಿ ನಾನು ಬರೆದ ಪದಗಳು ನಿಖರವಾಗಿ ಯಾವುವು ಎಂದು ನನಗೆ ಈಗ ಗೊತ್ತಿಲ್ಲ. ಡೈರಿಯಲ್ಲಿ ಆ ಜಾಗದಲ್ಲಿ ಹರಿದ ಅಂಚು ಮಾತ್ರ ಇದೆ. ಓದಿದರೆ ಅದನ್ನೇ ನೆನಪು ಎಂದುಕೊಳ್ಳುತ್ತೇನೆ ಎಂಬುದೂ ಗೊತ್ತು.

‘ಬೇಡ, ನಿಮ್ಮ ಹತ್ತಿರವೇ ಇರಲಿ’ ಎಂದೆ. ಅವನು ಇನ್ನೊಂದು ಕಲ್ಲಿಗೆ ಕೈ ನೀಡಿದ. ಅದು ನನ್ನ ಪಕ್ಕದಲ್ಲೇ ಇತ್ತು. ಎತ್ತಿ ಕೊಟ್ಟೆ.